ಬೆಂದ ಹರಿಗೋಲು

ಹೊಳಿಮಲ್ಲಾಪುರದ ಹರಿಗೋಲಿಗೆ ಚರ್ಮ ಹದ ಮಾಡಿ ಹೊಲಿದು ಕೊಡುವವಳು ಮಾದರ ದುರುಗವ್ವ. ಆ ಹರಿಗೋಲಿನಲ್ಲಿ ಕೂರಬಾರದವಳೂ ಅವಳೇ. ಯಾರು ಮಾಡಿದ ಕಾನೂನು ಎಂದು ಕೇಳಬೇಡಿ. ಕೇಳಿದವರ ಬೆನ್ನಿನ ಮೇಲೆ ಬಾಸುಂಡೆ ಎದ್ದ ಊರು ಅದು.

ಆಗ ನಿಜಾಮರ ರಾಜ್ಯ. ತುಂಗಭದ್ರೆಗೆ ಇನ್ನೂ ಅಣೆಕಟ್ಟು ಬಿದ್ದಿರಲಿಲ್ಲ. ಮೇಲುಸೀಮೆಯಲ್ಲಿ ಮಳೆ ಹೊಡೆದರೆ ಸಾಕು, ಇಲ್ಲಿ ಗಂಗಾವತಿ ಕಡೆ ನೆತ್ತಿ ಸುಡುವ ಬಿಸಿಲಿದ್ದರೂ ಹೊಳೆ ಕೆಂಪಾಗಿ ಏರುತ್ತಿತ್ತು. ಊರಿನ ಎದುರಿಗೆ, ವಿರೂಪಾಪುರಗಡ್ಡೆಯಿಂದ ಕೆಳಗೆ, ಹೊಳೆಯ ನಡುವೆ ಹುಣಸಿಗಡ್ಡಿ ಎಂಬ ಸಣ್ಣ ನಡುಗಡ್ಡೆ. ಅದರ ತುಂಬ ಕೊಟ್ರಪ್ಪಗೌಡನ ಭತ್ತದ ಗದ್ದೆ. ಗದ್ದೆ ಗೌಡನದು, ಅದರೊಳಗಿನ ಕೆಸರು ಮಾದರ ಹೆಂಗಸರದು. ಆಷಾಢ ಬಂತೆಂದರೆ ಕೇರಿಯ ಹೆಂಗಸರೆಲ್ಲ ನಾಟಿಗೆ ಬಿಟ್ಟಿ ಹೋಗಬೇಕು. ಹೋಗಲು ಹೊಳೆ ದಾಟಬೇಕು, ದಾಟಲು ಹರಿಗೋಲು ಬೇಕು.

ಹರಿಗೋಲೆಂದರೆ ಬಿದಿರಿನ ದೊಡ್ಡ ಬುಟ್ಟಿ. ಬುಟ್ಟಿ ನೀರು ತಡೆಯುತ್ತದೇನು? ತಡೆಯುವುದು ಚರ್ಮ. ಊರಲ್ಲಿ ಎಮ್ಮೆ ಸತ್ತರೆ ದುರುಗವ್ವನ ಗುಡಿಸಲ ಕಡೆಗೆ ಕೂಗು ಬರುತ್ತಿತ್ತು. ಉಬ್ಬಿದ ಹೊಟ್ಟೆಯ ಎಮ್ಮೆಗೆ ಹಗ್ಗ ಕಟ್ಟಿ ಊರಾಚೆ ಎಳೆಯಬೇಕು. ಸುಲಿಯಬೇಕು. ಸುಣ್ಣದ ಗುಂಡಿಯಲ್ಲಿ ಹಾಕಿ ತುಳಿಯಬೇಕು, ಕೂದಲು ಕೆರೆಯಬೇಕು. ತಂಗಡಿ ಗಿಡದ ಚೆಕ್ಕೆಯ ನೀರಿನಲ್ಲಿ ನೆನೆಹಾಕಿ ಔಡಲೆಣ್ಣೆ ತಿಕ್ಕಬೇಕು. ಸುಣ್ಣಕ್ಕೆ ಅವಳ ಬೆರಳ ಸಂದಿಗಳು ಬಿರಿದು ರಕ್ತ ಒಸರುತ್ತಿತ್ತು. ಉಗುರು ಕಪ್ಪಾಗಿದ್ದವು. ಉಣ್ಣಲು ಕೂತರೆ ರೊಟ್ಟಿಗೂ ಅದೇ ವಾಸನೆ. ಆಮೇಲೆ ತೊಗಲಿನ ಬಾರು ಹಾಕಿ ಹೊಲಿಗೆ. ಒಂದು ಹೊಲಿಗೆ ಸಡಿಲಾದರೆ ಕೂತವರೆಲ್ಲ ನಡುಹೊಳೆಯಲ್ಲಿ ಹೋಗುತ್ತಾರೆಂದು ಅವಳು ಹಲ್ಲು ಕಚ್ಚಿ ಬಾರು ಜಗ್ಗಿ ಬಿಗಿಯುತ್ತಿದ್ದಳು.

ಹೊಲಿದು ಮುಗಿದ ಮೇಲಿನ ಚೆಂದ ಕೇಳಿ. ಅಯ್ನೋರು ಬರುತ್ತಿದ್ದರು. ಹರಿಗೋಲಿನ ಮೇಲೆ ನೀರು ಚಿಮುಕಿಸಿ, ಅಂಚಿಗೆ ವಿಭೂತಿ ಬಳಿದು, ಕಣಗಿಲೆ ಹೂವು ಇಟ್ಟು ಮಂತ್ರ ಹೇಳುತ್ತಿದ್ದರು. ಮುಗಿಯಿತು, ಸತ್ತ ಎಮ್ಮೆಯ ತೊಗಲು ಮಡಿಯಾಯಿತು! ಅರೆಗಳಿಗೆಯ ಹಿಂದೆ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಹೊಲಿದ ದುರುಗವ್ವ ಈಗ ದೂರ ಸರಿದು ನಿಲ್ಲಬೇಕು. ಮುಟ್ಟಿದರೆ ಮೈಲಿಗೆ. ತೊಗಲಿಗೆ ಸಿಕ್ಕ ಮಡಿ ತೊಗಲು ಹದ ಮಾಡಿದ ಮೈಗೆ ಯಾಕೆ ಸಿಗಲಿಲ್ಲ ಎಂದು ಅಯ್ನೋರನ್ನು ಯಾರೂ ಕೇಳಲಿಲ್ಲ.

ಹಾಗಾದರೆ ಮಾದರು ಹೊಳೆ ದಾಟುವುದು ಹೇಗೆ? ನೀರು ಕಡಿಮೆಯಿದ್ದಾಗ ಹರಿಗೋಲಿನ ಅಂಚು ಹಿಡಿದು ಈಜುತ್ತ ಬರಬೇಕು. ಹೊರಗಿನಿಂದ ಮುಟ್ಟಿದರೆ ಹರಿಯುವ ನೀರು ತೊಳೆದುಬಿಡುತ್ತದಂತೆ, ಅದಕ್ಕೆ ದೋಷವಿಲ್ಲವಂತೆ. ನೀರು ಏರಿದಾಗ ಅವರಿಗೆ ಹಳೆಯ ಹರಿಗೋಲು. ಊರವರು ಬಳಸಿ ಬಿಟ್ಟದ್ದು. ಚರ್ಮದ ಹರಿಗೋಲನ್ನು ದಿನಾ ದಂಡೆಗೆಳೆದು ಬೋರಲು ಹಾಕಿ ಒಣಗಿಸಬೇಕು, ಇಲ್ಲದಿದ್ದರೆ ಕೊಳೆಯುತ್ತದೆ. ಹೊಸದನ್ನು ಒಣಗಿಸುತ್ತಿದ್ದರು. ಹಳೆಯದು ಮಳೆಗಾಲವಿಡೀ ನೀರಿನಲ್ಲೇ ತೇಲುತ್ತ ಬಿದ್ದಿರುತ್ತಿತ್ತು.

ದುರುಗವ್ವನ ಗಂಡ ಹೊನ್ನೂರಪ್ಪ ಸತ್ತಿದ್ದು ಹೀಗೆ ಅಂಚು ಹಿಡಿದು ಬರುವಾಗಲೇ. ಸೆಳವಿಗೆ ಕೈ ಜಾರಿತು. ಹರಿಗೋಲಿನೊಳಗೆ ಜಾಗವಿರಲಿಲ್ಲ ಎಂದಲ್ಲ. ಗೌಡನ ಬೆಲ್ಲದ ಚೀಲಗಳು ಕಾಲು ಚಾಚಿಕೊಂಡು ಕೂತಿದ್ದವು. ಹೆಣ ಸಿಗಲಿಲ್ಲ. "ಹೊಳಿ ಒಯ್ತು" ಎಂದು ಊರು ಅಂದಿತು. ಹೊಳೆಗೇನು ಬಾಯಿದೆಯೇ ಅಲ್ಲವೆನ್ನಲು! ಅವನ ಹಿಂದೆ ದುರುಗವ್ವನಿಗೆ ಉಳಿದವಳು ಮಗಳು ಹುಲಗಮ್ಮ ಒಬ್ಬಳೇ. ಅವಳನ್ನು ಹೊಳೆಗೆ ಕೊಡುವುದಿಲ್ಲ ಎಂದು ದುರುಗವ್ವ ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಆ ವರ್ಷ ಆಷಾಢದ ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ನಾಟಿಯ ದಿನ ಬೆಳಿಗ್ಗೆ ಗಡ್ಡೆಗೆ ಹೊರಡುವಾಗಲೇ ಹರಿಗೋಲು ನಡೆಸುವ ಅಂಬಿಗರ ಹುಚ್ಚೀರಪ್ಪ ಗೌಡನ ಮುಂದೆ ಕೈ ಮುಗಿದಿದ್ದ.

"ಇವತ್ತ ಬ್ಯಾಡ್ರಿ ಗೌಡ್ರ. ಹೊಳಿ ಬಣ್ಣ ತಿರಗೈತಿ. ಗಾಳಿ ಎದುರಿಗೇ ಐತಿ. ಹರಗೋಲ ಬುಗರಿ ತಿರಗಿದಂಗ ತಿರಗತೈತಿ."

ಕೊಟ್ರಪ್ಪಗೌಡ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. "ಸಸಿ ಬಲಿತಾವ. ಇನ್ನ ತಡಾ ಮಾಡಿದ್ರ ನಾಟಿ ಹತ್ತೂದಿಲ್ಲ. ನಿನ್ನ ಹೊಳಿ ನೋಡ್ಲ್ಯೊ, ನನ್ನ ಭತ್ತ ನೋಡ್ಲ್ಯೊ?"

"ಹೆಣಮಕ್ಕಳ ಜೀವದ ಮಾತ್ರಿ."

"ಮಾದರ ಹೆಣಮಕ್ಕಳಿಗೆ ಏನಾಗ್ತೈತಲೇ? ನಡಿ, ಉಮಾಪತಿನೂ ಹೊಂಟಾನ ಅಲ್ಲಿಗೆ. ಅವನ್ನ ಜ್ವಾಪಾನ ಮಾಡು."

ಉಮಾಪತಿ ಗೌಡನ ಮಗ. ನಾಟಿ ನೋಡಿಕೊಳ್ಳಲು ಹೋಗುವವನು. ನೋಡಿಕೊಳ್ಳುವುದೆಂದರೆ ಹುಣಸೆಮರದ ಕೆಳಗೆ ಕಂಬಳಿ ಹಾಸಿ ಮಲಗುವುದು, ಎಚ್ಚರವಾದಾಗ "ಏ, ಬಗ್ರಿ, ಬಗ್ರಿ" ಎನ್ನುವುದು.

ಹೆಂಗಸರು ಬಗ್ಗಿದ್ದರು. ಬೆಳಗಿನಿಂದ ಬಗ್ಗಿದ ನಡ ನೆಟ್ಟಗಾಗಿರಲಿಲ್ಲ. ಕೆಸರು ಮೊಣಕಾಲಿಗೆ. ಕಾಲಿಗೆ ಜಿಗಣೆ. ಗಾಳಿಗೆ ಸೀರೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಮಾಳವ್ವ ಎಂಬ ಬಾಯಿಬಡುಕಿ ಸಸಿ ಊರುತ್ತಲೇ ಅಂದಳು, "ನಮ್ಮ ಸಣ್ಣ ಗೌಡ ನೋಡ್ರವಾ, ಭಾಳ ದಣದಾನ. ಮಲಗಿ ಮಲಗಿ ಮಗ್ಗಲ ನೊಂದಾವ." ಹೆಂಗಸರು ಕಿಸಕ್ಕನೆ ನಕ್ಕರು. ದುರುಗವ್ವ ನಗಲಿಲ್ಲ. ಅವಳ ಕಣ್ಣು ಹೊಳೆಯ ಮೇಲಿತ್ತು. ನೀರಿನ ಮೇಲೆ ನೊರೆ ಬರುತ್ತಿತ್ತು. ಬುಡಸಮೇತ ಕಿತ್ತ ಜಾಲಿಯ ಗಿಡವೊಂದು ಉರುಳುತ್ತ ಹೋಯಿತು. ಬೆಳಿಗ್ಗೆ ಮೈಯೆಲ್ಲ ಕಾಣುತ್ತಿದ್ದ ದಂಡೆಯ ಕರಿಬಂಡೆ ಈಗ ತಲೆ ಮಾತ್ರ ತೋರಿಸುತ್ತಿತ್ತು.

"ಸಣ್ಣ ಗೌಡ್ರ, ಹೊಳಿ ಬಂತ್ರಿ. ಹೊಂಡೂನ್ರಿ" ಎಂದು ದುರುಗವ್ವ ಕೂಗಿದಳು.

"ಈ ಗದ್ದಿಮಡಿ ಮುಗೀಲಿ."

"ಮಡಿ ಮುಗಿಯೂದ್ರಾಗ ನಾವ ಮುಗೀತೀವ್ರಿ!"

"ನಾಲಿಗಿ ಭಾಳ ಉದ್ದ ಆಗೇತಿ ನಿಂದು. ಬಗ್ಗು."

ಆ ಮಡಿ ಮುಗಿಯಲಿಲ್ಲ. ಹೊಳೆಯೇ ಗದ್ದೆಯ ಬದುವನ್ನು ಒಡೆದು ಒಳಗೆ ಬಂತು. ಬೆಳಗಿನಿಂದ ಊರಿದ ಸಸಿಗಳೆಲ್ಲ ತೇಲತೊಡಗಿದವು. ಆಗ ಉಮಾಪತಿ ಕಂಬಳಿ ಬಿಟ್ಟು ಎದ್ದ.

ಅಷ್ಟರಲ್ಲಿ ಹುಚ್ಚೀರಪ್ಪ ಊರಿನ ದಂಡೆಯಿಂದ ಹರಿಗೋಲು ತಂದ. ಹೊಸದನ್ನು ಮಾತ್ರ ತಂದಿದ್ದ. ಹಳೆಯದನ್ನು ಹಿಂದೆ ಕಟ್ಟಿಕೊಂಡು ಹೊರಟಿದ್ದನಂತೆ, ದಾರಿಯಲ್ಲೇ ಅದರ ತಳ ಕಳಚಿ ಹೋಯಿತಂತೆ. ಅವನು ಏದುಸಿರು ಬಿಡುತ್ತಿದ್ದ. "ಒಂದ ಸರ್ತಿ ದಾಟಿಸ್ತೀನಿ. ಇನ್ನೊಂದ ಸರ್ತಿ ಬರಾಕ ನನ್ನ ಕೈಲಿ ಆಗೂದಿಲ್ಲ. ಹೊಳಿ ಬಿಡೂದಿಲ್ಲ" ಎಂದ.

ಉಮಾಪತಿ ಹರಿಗೋಲಿನ ಕಡೆ ನಡೆದ. "ನಡಿ ಹಂಗಾರ. ನೀವೆಲ್ಲಾ ಹುಣಸಿಗಿಡ ಹತ್ತಿ ಕುಂದರ್ರಿ. ನಾಳೆ ನೋಡೂನು."

ನಾಳೆ! ಗಡ್ಡೆ ಮುಳುಗಿದರೆ ನಾಳೆ ಎಂಬುದು ಯಾರಿಗೆ? ಹುಣಸೆಮರದ ಬುಡಕ್ಕೆ ಆಗಲೇ ನೀರು ಬಂದಿತ್ತು. ಹುಲಗಮ್ಮ ಅವ್ವನ ಸೆರಗು ಹಿಡಿದು ನಿಂತಿದ್ದಳು. ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ದುರುಗವ್ವ ಹರಿಗೋಲನ್ನು ನೋಡಿದಳು. ತಾನು ಹೊಲಿದದ್ದು. ಅದರ ಒಂದೊಂದು ಬಾರೂ ತನ್ನ ಹಲ್ಲಿನಲ್ಲಿ ಕಚ್ಚಿ ಎಳೆದದ್ದು. ಅದರಲ್ಲಿ ಒಬ್ಬ ಉಮಾಪತಿ ಕೂತು ಹೋಗುತ್ತಾನೆ, ಮಿಕ್ಕ ಜಾಗದಲ್ಲಿ ಗಾಳಿ ಕೂರುತ್ತದೆ.

ಅವಳು ನಡೆದು ಹೋಗಿ ಹರಿಗೋಲಿನೊಳಗೆ ಕಾಲಿಟ್ಟಳು. ನಡುವೆ ಕೂತಳು.

"ಏ! ಏ ಮಾದಗಿತ್ತಿ! ಏಳು! ಎದ್ದೇಳು ಅಂದ್ರ!"

"ಏಳೂದಿಲ್ಲ."

"ಹುಚ್ಚೀರಪ್ಪ, ಎಳದ ಒಗಿ ಅಕಿನ್ನ!"

ಹುಚ್ಚೀರಪ್ಪ ನೆಲ ನೋಡುತ್ತ ನಿಂತ. ದುರುಗವ್ವ ಮಗಳಿಗೆ ಕೈ ಬೀಸಿದಳು. "ಬಾರವಾ ಹುಲಗಿ. ಬರ್ರವಾ ಎಲ್ಲಾರೂ. ನಾನ ಹೊಲದೀನಿ ಇದನ್ನ. ಹೊರತೈತಿ, ಬರ್ರಿ." ಹುಲಗಮ್ಮ ಹತ್ತಿದಳು. ಮಾಳವ್ವ ಹತ್ತಿದಳು. ಒಬ್ಬಳ ಹಿಂದೆ ಒಬ್ಬಳು ಕೆಸರುಗಾಲಿನಲ್ಲೇ ಎಲ್ಲ ಹತ್ತಿ ಕೂತರು. ಹೊರಗೆ ಉಳಿದವನು ಉಮಾಪತಿ ಒಬ್ಬನೇ. ನೀರು ಅವನ ಮೀನಖಂಡಕ್ಕೆ ಬಂದಿತ್ತು.

ಮಾಳವ್ವನ ಬಾಯಿ ಸುಮ್ಮನಿರಲಿಲ್ಲ. "ಬರ್ರಿ ಸಣ್ಣ ಗೌಡ್ರ. ಇಲ್ಲಾಂದ್ರ ಹುಣಸಿಗಿಡ ಐತಿ, ಹತ್ತಿ ಕುಂದರ್ರಿ. ನಾಳೆ ನೋಡೂನು."

ಅವನು ಹಲ್ಲು ಕಡಿದ. ಬೈದ. ಇವಳ ಅವ್ವನನ್ನು ಬೈದ, ಅವಳ ಅಜ್ಜಿಯನ್ನು ಬೈದ. ನೀರು ಮೊಣಕಾಲಿಗೆ ಬಂತು. ಬೈಯುತ್ತಲೇ ಹತ್ತಿದ. ಅಂಚಿಗೆ ಒತ್ತಿ, ಮೈ ಮುದುಡಿಕೊಂಡು, ಯಾರಿಗೂ ತಾಕದ ಹಾಗೆ ಕೂತ.

ನಡುಹೊಳೆಯಲ್ಲಿ ಗಾಳಿ ಹಿಡಿಯಿತು. ಹರಿಗೋಲು ಗರಗರ ತಿರುಗಿತು. ಊರು ಎಡಕ್ಕೆ ಬಂತು, ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಬಂತು. ಅಲೆಗಳು ಅಂಚು ದಾಟಿ ಒಳಗೆ ಬೀಳುತ್ತಿದ್ದವು. ಹೆಂಗಸರು ಬೊಗಸೆಯಲ್ಲಿ ಮೊಗೆದು ಹೊರಗೆ ಚೆಲ್ಲಿದರು, ಸೀರೆಯ ಸೆರಗಿನಲ್ಲಿ ಹೀರಿ ಹಿಂಡಿದರು. ಹುಚ್ಚೀರಪ್ಪ ಮಂಡಿಯೂರಿ ದೇವಿಯನ್ನು ನೆನೆದು "ಹುಲಿಗೆಮ್ಮಾ, ಹುಲಿಗೆಮ್ಮಾ" ಎನ್ನುತ್ತ ಹುಟ್ಟು ಹಾಕುತ್ತಿದ್ದ. ಒಂದು ದೊಡ್ಡ ಅಲೆ ಬಂದು ಹರಿಗೋಲು ಒಂದು ಕಡೆ ವಾಲಿದಾಗ ಉಮಾಪತಿ "ಅಯ್ಯಪ್ಪೋ" ಎಂದು ಚೀರಿ ಎರಡೂ ಕೈಯಲ್ಲಿ ದುರುಗವ್ವನ ತೋಳನ್ನು ತಬ್ಬಿಕೊಂಡ. ಬಿಡಲಿಲ್ಲ. ಅವನ ಉಗುರು ಅವಳ ಚರ್ಮದೊಳಗೆ ಇಳಿದವು. ಅಲ್ಲಿ ಅವನಿಗೆ ಮೈಲಿಗೆಯ ನೆನಪಾಗಲಿಲ್ಲ. ದುರುಗವ್ವ ಒಂದು ತೋಳಿನಲ್ಲಿ ಮಗಳನ್ನು ಹಿಡಿದಿದ್ದಳು, ಇನ್ನೊಂದು ತೋಳಿಗೆ ಗೌಡನ ಮಗ ಜೋತುಬಿದ್ದಿದ್ದ. ಹೊಲಿಗೆ ಒಂದೂ ಬಿಚ್ಚಲಿಲ್ಲ.

ಊರಿಗಿಂತ ಬಹಳ ಕೆಳಗೆ ದಂಡೆ ಸಿಕ್ಕಿತು. ಮೊದಲು ಜಿಗಿದವನು ಉಮಾಪತಿ. ಓಡಿಬಂದ ಜನರ ಮುಂದೆ ಮೊದಲು ಬಾಯಿ ಬಿಟ್ಟವನೂ ಅವನೇ.

"ಈ ರಂಡೇರು ಜಬರದಸ್ತಿ ಮಾಡಿ ಹತ್ಯಾರ. ನನ್ನ ಮುಟ್ಟ್ಯಾರ."

ಮಾರನೆಯ ದಿನ ಬೆಳಿಗ್ಗೆ ಗೌಡನ ಮನೆಯ ಮುಂದೆ ದುರುಗವ್ವನನ್ನು ಬಗ್ಗಿಸಿ ನಿಲ್ಲಿಸಿದರು. ಬೆನ್ನ ಮೇಲೆ ಬೀಸುವ ಕಲ್ಲು ಹೇರಿದರು. ಕಲ್ಲು ಬಿದ್ದರೆ ಇನ್ನೊಂದು ಹೇರುವುದು ರಿವಾಜು. ಅವಳ ಬೆವರು ಮೂಗಿನ ತುದಿಯಿಂದ ಹನಿ ಹನಿಯಾಗಿ ಮಣ್ಣಿಗೆ ಬೀಳುತ್ತಿತ್ತು. ಕಲ್ಲಿನ ಅಂಚು ಬೆನ್ನಿನ ಮೂಳೆಗೆ ಒತ್ತುತ್ತಿತ್ತು. ಹೋಗಿ ಬರುವವರು ನಿಂತು ನೋಡಿದರು. ಒಬ್ಬ ಉಗುಳಿದ. ಹುಲಗಮ್ಮನನ್ನು ಮಾಳವ್ವ ಹಿಡಿದುಕೊಂಡಿದ್ದಳು, ಇಲ್ಲದಿದ್ದರೆ ಹುಡುಗಿ ಓಡಿಬಂದು ಆ ಕಲ್ಲು ಎತ್ತಿ ಯಾರ ತಲೆಯ ಮೇಲಾದರೂ ಹಾಕುತ್ತಿದ್ದಳು.

ಬಗ್ಗಿದ ದುರುಗವ್ವನಿಗೆ ಜನರ ಕಾಲುಗಳಷ್ಟೇ ಕಾಣುತ್ತಿದ್ದವು. ಕಿವಿ ಮಾತ್ರ ಎಲ್ಲ ಕೇಳುತ್ತಿತ್ತು. ಉಮಾಪತಿಯ ಶುದ್ಧಿ ಬೇಗ ಮುಗಿಯಿತು. ಬಾವಿಯ ತಣ್ಣೀರು ಸುರಿದು, ಹಣೆಗೆ ವಿಭೂತಿ ಬಳಿದು, ತುಪ್ಪ ಹಾಕಿದ ಹುಗ್ಗಿ ಉಣ್ಣಿಸಿದರು. ಕಷ್ಟ ಬಂದದ್ದು ಹರಿಗೋಲಿನದು. ಒಬ್ಬಿಬ್ಬರು ಮುಟ್ಟಿದ್ದರೆ ನೀರು ಚಿಮುಕಿಸಿದ್ದರೆ ಸಾಕಿತ್ತು. ಇಡೀ ಕೇರಿಯೇ ಕೂತು ಬಂದಿದೆ, ಏನು ಮಾಡುವುದು? ಅಯ್ನೋರು ತಲೆ ಕೆರೆದುಕೊಂಡರು. ದಾರಿ ತೋರಿಸಿದವಳು ಗೌಡನ ಹೆಂಡತಿ ಬಸವಣ್ಣೆಮ್ಮ.

"ಹಿತ್ತಾಳಿ ತಂಬಿಗಿ ಮೈಲಿಗಿ ಆದ್ರ ಬೆಂಕಿಗೆ ಹಿಡೀತೀವಿ ಹೌದಲ್ಲೊ? ಹರಗೋಲಾ ಬೆಂಕಿಗೆ ಹಿಡಿಯಾಕ ಬರೂದಿಲ್ಲ. ಕುದಿಯೂ ನೀರು ಸುರೀರಿ. ಮಾದಗಿತ್ತೇರ ಬೆವರು ಸೈತ ಸುಟ್ಟ ಹೋಗಲಿ."

ಎಲ್ಲರೂ ಭಲೇ ಅಂದರು. ಹುಚ್ಚೀರಪ್ಪ ಮಾತ್ರ ಮುಂದೆ ಬಂದು ಗುನುಗಿದ. "ಗೌಡ್ರ, ತಂಬಿಗಿ ಬ್ಯಾರೆ, ತೊಗಲು ಬ್ಯಾರೆ..."

"ನೀ ಹುಟ್ಟು ಹಾಕಾವ. ಹುಟ್ಟು ಹಾಕು. ನಿನ್ನ ಸುದ್ದಿ ಆಮ್ಯಾಲ ನೋಡ್ಕೋತೀನಿ."

ಹಂಡೆಗಳಲ್ಲಿ ನೀರು ಕುದಿಯಿತು. ಹರಿಗೋಲನ್ನು ಹೊತ್ತು ತಂದು ಅಂಗಳದಲ್ಲಿ ಬೋರಲು ಹಾಕಿದರು. ದುರುಗವ್ವ ಬಗ್ಗಿದಲ್ಲಿಂದಲೇ ಕೂಗಿದಳು. "ಸುರೀಬ್ಯಾಡ್ರೆಪ್ಪೋ! ಚರ್ಮ ಬೇಯ್ತೈತಿ! ಹೊಲಿಗಿ ಹರೀತಾವ!"

"ಅಕಿ ಬೆನ್ನಿನ ಮ್ಯಾಲ ಇನ್ನೊಂದ ಕಲ್ಲು ಹೇರ್ರಿ" ಎಂದ ಗೌಡ.

ಹೇರಿದರು. ಆಮೇಲೆ ಸುರಿದರು. ಹಂಡೆಯ ಮೇಲೆ ಹಂಡೆ. ಆವಿ ಎದ್ದು ಅಂಗಳ ಮುಚ್ಚಿತು. ತೊಗಲು ಬೇಯುವ ವಾಸನೆ ದುರುಗವ್ವನ ಮೂಗಿಗೆ ಬಂತು. ತೊಗಲು ಸೆಟೆದು ಸಣ್ಣಗಾಗುವಾಗ ಬಾರುಗಳು ಚಟ್ ಚಟ್ ಅಂದ ಸದ್ದೂ ಅವಳಿಗೆ ಕೇಳಿತು. ಅಯ್ನೋರ ಮಂತ್ರದಲ್ಲಿ ಉಳಿದವರಿಗೆ ಕೇಳಲಿಲ್ಲ. ಮಗನ ಮೈಮೇಲೂ ಅದೇ ಹಂಡೆಯಿಂದ ಒಂದು ಚೊಂಬು ಸುರಿದಿದ್ದರೆ ತೊಗಲು ಅಂದರೇನು ಎಂದು ಗೌಡನಿಗೆ ತಿಳಿಯುತ್ತಿತ್ತು. ಯಾರು ಹೇಳುವವರು?

ಸಂಜೆಗೆ ಕಲ್ಲು ಇಳಿಸಿದರು. ಹುಲಗಮ್ಮ ಅವ್ವನನ್ನು ಬೆನ್ನಿಗೆ ಹಾಕಿಕೊಂಡು ಕೇರಿಗೆ ಒಯ್ದಳು.

ಹರಿಗೋಲು ಒಣಗಿದ ಮೇಲೆ ಹುಚ್ಚೀರಪ್ಪ ಅದನ್ನು ನೀರಿಗೆ ಹಾಕಿ ನೋಡಿದ. ಹೊಲಿಗೆಯ ಸಾಲಿನಗುಂಟ ನೀರು ಬುಳುಬುಳು ಬಂತು. ಓಡಿಹೋಗಿ ಗೌಡನಿಗೆ ಹೇಳಿದ. ಗೌಡ ತಾನೇ ಬಂದು ನೋಡಿದ, ಕೋಲಿನಿಂದ ಒತ್ತಿದ, ಮನೆಗೆ ಹೋದ. ಆಮೇಲೆ ದುರುಗವ್ವನಿಗೆ ಹುಕುಂ ಬಂತು, ಹೊಲಿದು ಕೊಡು ಅಂತ.

ಬೆನ್ನು ನೆಟ್ಟಗಾಗದ ದುರುಗವ್ವ ಮಗಳ ಹೆಗಲು ಹಿಡಿದು ದಂಡೆಗೆ ಬಂದಳು. ಮೈಲಿಗೆಯ ಮಾತು ಈಗ ಇಲ್ಲ, ಕೆಲಸಕ್ಕೆ ಮುಟ್ಟಬಹುದು. ಚರ್ಮವನ್ನು ಬೆರಳಿನಿಂದ ಹಿಡಿದು ನೋಡಿದಳು. ಹಪ್ಪಳದ ಹಾಗೆ ಅಂಚು ಮುರಿಯಿತು. ಹೊಲಿಯುವ ಆರಿ ಚುಚ್ಚಿ ಬಾರು ಎಳೆದಳು. ತೂತಿನಿಂದ ತೂತಿಗೆ ಚರ್ಮ ಸೀಳಿತು. ಆರಿಯನ್ನು ಕೆಳಗಿಟ್ಟಳು.

"ಇದು ಹೊಲಿಗಿ ಹಿಡಿಯೂದಿಲ್ರಿ. ಬೆಂದ ಹೋಗೇತಿ. ಹೊಸಾ ತೊಗಲ ಬೇಕು. ಹದಾ ಮಾಡಾಕ ದಿನಾ ಬೇಕು."

ಗೌಡನ ಆಳು ಆ ಮಾತನ್ನು ಒಯ್ದ. ತಿರುಗಿ ಬಂದ ಮಾತು ಹೀಗಿತ್ತು. ಹೊಳೆ ಸ್ವಲ್ಪ ಇಳಿದಿದೆ. ಮತ್ತೆ ಏರುವ ಮೊದಲು ನಾಟಿ ಮುಗಿಯಬೇಕು. ಹರಿದಲ್ಲಿ ಅರಗು ಮೆತ್ತಿರಿ. ಹರಿಗೋಲು ಇನ್ನು ಮಾದರಿಗೇ ಇರಲಿ. ನಾಳೆ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಅದರಲ್ಲಿ ಗಡ್ಡೆಗೆ ಹೋಗಬೇಕು. ಹೋಗದಿದ್ದವರ ಗುಡಿಸಲು ಕಿತ್ತು ಹಾಕಲಾಗುತ್ತದೆ.

ಕೇರಿಯಲ್ಲಿ ಯಾರ ಒಲೆಯೂ ಸರಿಯಾಗಿ ಉರಿಯಲಿಲ್ಲ. ಒಬ್ಬರು ಹೋಗೋಣ ಅಂದರು, ಗುಡಿಸಲು ಹೋದರೆ ಮಳೆಗಾಲದಲ್ಲಿ ಎಲ್ಲಿಗೆ ಹೋಗುವುದು? ಒಬ್ಬರು ದುರುಗವ್ವನನ್ನೇ ಬೈದರು. "ನೀ ಅವತ್ತ ಕುಂದರದಿದ್ರ ಇದ್ಯಾವ್ದೂ ಇರ್ತಿರಲಿಲ್ಲ." ಮಾಳವ್ವ ತಿರುಗಿಬಿದ್ದಳು. "ಅಕಿ ಅವತ್ತ ಕುಂದರದಿದ್ರ ನೀ ಇವತ್ತ ಮಾತಾಡ್ತಿದ್ದಿಲ್ಲ, ಮೀನಿನ ಹೊಟ್ಟ್ಯಾಗ ಇರ್ತಿದ್ದಿ." ಹುಲಗಮ್ಮ ಅವ್ವನ ಬೆನ್ನಿಗೆ ಬಿಸಿ ಎಣ್ಣೆ ಸವರುತ್ತಿದ್ದಳು. ಹುಡುಗಿಯ ಕೈ ಮೆತ್ತಗಿತ್ತು. ಆ ಕೈ ನೀರಿನೊಳಗಿಂದ ಮೇಲೆ ಚಾಚಿದ ಹಾಗೆ ದುರುಗವ್ವನ ಕಣ್ಣ ಮುಂದೆ ಬಂತು.

ಬೆಳಿಗ್ಗೆ ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ಮಾದಗಿತ್ತಿಯರು ಹರಿಗೋಲಿನಲ್ಲಿ ಕೂರುವ ತಮಾಷೆ ನೋಡಲು ಬಂದವರು. ಕೊಟ್ರಪ್ಪಗೌಡ ಬಾರುಕೋಲು ಹಿಡಿದು ನಿಂತಿದ್ದ. ಪಕ್ಕದಲ್ಲಿ ಉಮಾಪತಿ. ಸ್ವಲ್ಪ ಹಿಂದೆ ಬಸವಣ್ಣೆಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಗಾಳಿ ಬೀಸುತ್ತಲೇ ಇತ್ತು. ಹೊಳೆ ಇಳಿದಿದೆ ಎಂದು ಗೌಡ ಅಂದಿದ್ದ. ಹೊಳೆಗೆ ಆ ಸುದ್ದಿ ಗೊತ್ತಿದ್ದಂತೆ ಕಾಣಲಿಲ್ಲ, ಕೆಂಪಗೆ ಕುದಿಯುತ್ತ ಹರಿಯುತ್ತಿತ್ತು. ಅರಗು ಮೆತ್ತಿದ ಹರಿಗೋಲು ದಂಡೆಯ ಪಕ್ಕ ನೀರಿನಲ್ಲಿ ಅಲುಗುತ್ತಿತ್ತು. ಹುಚ್ಚೀರಪ್ಪ ಅದರ ಹಗ್ಗ ಹಿಡಿದಿದ್ದ.

"ಯಾಕ ನಿಂತೀರಿ?" ಗೌಡ ನಕ್ಕ. "ಕುಂದರಬೇಕಂತ ಭಾಳ ಆಸಿ ಇತ್ತಲ್ಲ ನಿಮಗ? ಕುಂದರ್ರಿ ಈಗ. ಇಡೀ ಹರಗೋಲ ನಿಮ್ದ."

ನೆರೆದವರು ನಕ್ಕರು. ಹೆಂಗಸರು ದುರುಗವ್ವನ ಮುಖ ನೋಡಿದರು. ದುರುಗವ್ವ ಎರಡು ಹೆಜ್ಜೆ ಮುಂದೆ ಬಂದಳು. ಬಗ್ಗಿದ ಬೆನ್ನನ್ನು ನೆಟ್ಟಗೆ ಮಾಡಲು ಹೋಗಿ ಮುಖ ಕಿವುಚಿಕೊಂಡಳು. ಆದರೂ ನೆಟ್ಟಗೆ ಮಾಡಿದಳು.

"ಗೌಡ್ರ, ಒಂದ ಮಾತು ಕೇಳ್ತೀನಿ. ಈ ಹರಗೋಲ ಶುದ್ಧ ಆಗೇತೊ ಇಲ್ಲೊ?"

"ಆಗೇತಿ. ಊರ ನೋಡೇತಿ."

"ಹಂಗಾರ ಮೊದ್ಲ ನೀವ ಕುಂದರ್ರಿ."

ನಗು ನಿಂತಿತು.

"ಯಾವತ್ತೂ ಮೊದ್ಲ ನೀವ ಕುಂತೀರಿ. ಇವತ್ತೂ ನೀವ ಕುಂದರ್ರಿ. ನಡುಹೊಳಿತನಾ ಹೋಗಿ ಬರ್ರಿ. ನೀವು ಬಂದ ಮ್ಯಾಲ ನಾವು ಹೋಗ್ತೀವಿ. ಒಬ್ಬಾಕಿನೂ ಒಲ್ಲೆ ಅನ್ನೂದಿಲ್ಲ."

"ನೀವು ಕುಂತ ಹರಗೋಲದಾಗ ನಾ ಕುಂದರಬೇಕಾ?"

"ಕುದಿಯೂ ನೀರು ಹಾಕಿ ತೊಳದೀರಲ್ರಿ! ನಮ್ಮ ಬೆವರೆಲ್ಲಾ ಸುಟ್ಟ ಹೋಗೇತಿ. ಹೋಗಿಲ್ಲಂದ್ರ ಯಾಕ ಸುರದ್ರಿ? ಹೋಗೇತಿ ಅಂದ್ರ ಕುಂದರಾಕ ಏನ ಧಾಡಿ?"

ಬಾರುಕೋಲು ಗಾಳಿಯಲ್ಲಿ ಸುಯ್ ಎಂದಿತು. ಅವಳ ಹೆಗಲ ಮೇಲೆ ಬಿತ್ತು. ಮತ್ತೊಮ್ಮೆ ಬಿತ್ತು. ಕುಪ್ಪಸ ಹರಿದು ರಕ್ತ ಜಿನುಗಿತು. ಅವಳು ಅಲುಗಲಿಲ್ಲ. "ಹೊಡೀರಿ. ಹೊಡದ್ರ ಬೆನ್ನು ಹರೀತೈತಿ. ಜೀವ ಉಳೀತೈತಿ. ಅದರಾಗ ಕುಂತ್ರ ಜೀವ ಉಳಿಯೂದಿಲ್ಲ. ನಾ ಕುಂದರೂದಿಲ್ಲ. ಇವರನ್ನ ಕುಂದರ್ಸಾಕ ಬಿಡೂದಿಲ್ಲ."

ಮಾಳವ್ವ ಬಂದು ಅವಳ ಎಡಕ್ಕೆ ನಿಂತಳು. ಹುಲಗಮ್ಮ ಬಲಕ್ಕೆ ಬಂದಳು. ಹಿಂದಿನಿಂದ ಉಳಿದವರು. ನಿನ್ನೆ ದುರುಗವ್ವನನ್ನು ಬೈದವರೂ ಬಂದರು. ಗೌಡನ ತೋಳು ಮೇಲೆತ್ತಿದ್ದು ಹಾಗೇ ನಿಂತಿತು. ಊರು ಅವನನ್ನೇ ನೋಡುತ್ತಿತ್ತು. ಒಬ್ಬ ಮಾದಗಿತ್ತಿ ಕುಂದ್ರು ಅಂದಳು, ಗೌಡ ಕೂರಲಿಲ್ಲ ಎಂಬ ಮಾತು ಸಂಜೆಗೆ ಗಂಗಾವತಿಗೆ ಮುಟ್ಟುತ್ತದೆ. ಅವನ ಕತ್ತಿನ ನರ ಉಬ್ಬಿದವು. ಆದರೂ ಕಾಲು ಹರಿಗೋಲಿನ ಕಡೆ ಹೋಗಲಿಲ್ಲ. ಅವನು ಮಗನ ಕಡೆ ತಿರುಗಿದ.

"ಉಮಾಪತಿ. ಹತ್ತಲೇ. ಹತ್ತಿ ತೋರಸು ಈ ಹಲ್ಕಟ್ ಮಂದಿಗೆ."

ಉಮಾಪತಿ ಹೊಳೆ ನೋಡಿದ. ಅಪ್ಪನನ್ನು ನೋಡಿದ. ಒಂದು ಹೆಜ್ಜೆ ಹಿಂದೆ ಸರಿದ. ಗೌಡ ಅವನ ರಟ್ಟೆ ಹಿಡಿದು ನೀರಿನ ಕಡೆ ಎಳೆದ. ಆಗ ಬಸವಣ್ಣೆಮ್ಮ ಸೆರಗು ಬಿದ್ದದ್ದನ್ನೂ ನೋಡದೆ ಓಡಿಬಂದು ಮಗನನ್ನು ತಬ್ಬಿಕೊಂಡಳು.

"ಬ್ಯಾಡ್ರೀ! ನನ್ನ ಮಗನ್ನ ಕುಂದರಸಬ್ಯಾಡ್ರೀ! ಮುಳಗೂ ಹರಗೋಲ ಅದು! ನೀವ ಅಂದ್ರಿ ನಿನ್ನಿ, ಅದು ದಂಡಿ ಮುಟ್ಟೂದಿಲ್ಲಂತ ನೀವ ಅಂದ್ರಿ!"

ಗೌಡನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬಸವಣ್ಣೆಮ್ಮ ತಾನು ಏನು ಅಂದೆ ಎಂದು ತಿಳಿದು ಬಾಯಿ ಮುಚ್ಚಿಕೊಂಡಳು. ಆದರೆ ಮಗನನ್ನು ಬಿಡಲಿಲ್ಲ.

ದುರುಗವ್ವ ಹುಲಗಮ್ಮನ ತೋಳು ಹಿಡಿದು ಮುಂದೆ ತಂದು ನಿಲ್ಲಿಸಿದಳು.

"ಎವ್ವಾ ಗೌಡತಿ, ಇಕಿನ್ನ ನೋಡು. ಇಕಿ ನನ್ನ ಮಗಳು. ನಾನೂ ಹಡದೀನಿ."

ಬಸವಣ್ಣೆಮ್ಮ ನೋಡಲಿಲ್ಲ. ಕಣ್ಣು ಕೆಳಗೆ ಹಾಕಿದಳು. ದುರುಗವ್ವ ಮಗಳನ್ನು ಕರೆದುಕೊಂಡು ದಂಡೆ ಹತ್ತತೊಡಗಿದಳು. ಹೆಂಗಸರು ಅವಳ ಹಿಂದೆ ಹೊರಟರು. "ಗುಡಿಸಲಾ ಕೀಳಸ್ತೀನಿ! ಒಂದೂ ಬಿಡೂದಿಲ್ಲ!" ಎಂದು ಗೌಡ ಕೂಗಿದ. ಕೀಳಿಸಿದ ಕೂಡ. ಅವತ್ತು ಮಧ್ಯಾಹ್ನವೇ ಕೀಳಿಸಿದ, ಅದು ಸುಳ್ಳಲ್ಲ. ಆದರೆ ಆ ಹೊತ್ತಿಗೆ ಯಾರೂ ತಿರುಗಿ ನೋಡಲಿಲ್ಲ.

"ಹುಚ್ಚೀರಪ್ಪ! ಹರಗೋಲ ದಂಡಿಗೆ ಎಳಿ!"

ಹುಚ್ಚೀರಪ್ಪ ಕೈಯಲ್ಲಿದ್ದ ಹಗ್ಗವನ್ನು ನೋಡಿದ. ಬಿಟ್ಟ. ಹುಟ್ಟನ್ನು ಗೌಡನ ಕಾಲ ಹತ್ತಿರ ಇಟ್ಟು ಹೆಂಗಸರ ಹಿಂದೆಯೇ ದಂಡೆ ಹತ್ತಿದ. ಸೆಳವು ಖಾಲಿ ಹರಿಗೋಲನ್ನು ಎಳೆದುಕೊಂಡಿತು. ಅದು ಒಂದು ಸುತ್ತು ತಿರುಗಿತು, ಒಂದು ಕಡೆ ವಾಲಿತು, ನೀರು ಕುಡಿಯುತ್ತ ಕುಡಿಯುತ್ತ ಎಲ್ಲರ ಕಣ್ಣೆದುರಿಗೇ ಕೆಳಗೆ ಹೋಯಿತು. ಅದರೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಹಿಡೀರಲೇ! ಹಿಡೀರಿ ಅದನ್ನ!" ಗೌಡ ಕಿರುಚುತ್ತಲೇ ಇದ್ದ.

ನೀರಿಗೆ ಯಾರೂ ಇಳಿಯಲಿಲ್ಲ.